ಪೊಲೀಸರು ಬಂದು ಹೋದ ಪುಸ್ತಕದಂಗಡಿ: ಜೆರುಸಲೇಮಿನ ಎಜುಕೇಶನಲ್ ಬುಕ್‌ಶಾಪ್

ಶನಿವಾರ ನನಗೆ ರಜೆ. ಪಶ್ಚಿಮ ಜೆರುಸಲೇಮಿನಲ್ಲಿ ವಯಸ್ಸಾದ ಅಮ್ಮನೊಬ್ಬರನ್ನು ನೋಡಿಕೊಳ್ಳುವ ಕೆಲಸ ನನ್ನದು. ನಮ್ಮ ಮಂಗಳೂರು ಕಡೆಯವರು ಈ ಕೆಲಸದಲ್ಲಿ ಇಲ್ಲಿ ತುಂಬಾ ಜನ ಇದ್ದಾರೆ. ಶನಿವಾರ ಟ್ರಾಮ್ ಇಲ್ಲ, ಅಂಗಡಿಗಳೂ ಬಂದ್. ಹಾಗಾಗಿ ನಡೆದುಕೊಂಡೇ ಡಮಾಸ್ಕಸ್ ಗೇಟ್ ಕಡೆಯಿಂದ ಪೂರ್ವ ಜೆರುಸಲೇಮಿನ ಸಲಾಹುದ್ದೀನ್ ರಸ್ತೆಗೆ ಹೋಗುತ್ತೇನೆ. ಅಲ್ಲಿ ಅರಬ್ಬರ ಅಂಗಡಿಗಳು, ಎಲ್ಲ ತೆರೆದಿರುತ್ತವೆ.

ಎಜುಕೇಶನಲ್ ಬುಕ್‌ಶಾಪ್ ಇರುವುದು ಅಲ್ಲೇ, ಮುನಾ ಕುಟುಂಬ 1984ರಲ್ಲಿ ಶುರುಮಾಡಿದ ಅಂಗಡಿ ಇದು. ರಸ್ತೆಯ ಒಂದು ಬದಿಗೆ ಅರೇಬಿಕ್ ಪುಸ್ತಕ, ಎದುರು ಬದಿಗೆ ಇಂಗ್ಲಿಷ್ ಪುಸ್ತಕ ಮತ್ತು ಕಾಫಿ. ಪ್ಯಾಲೆಸ್ಟೀನಿಯರು ಬರೆದದ್ದೂ ಇದೆ, ಇಸ್ರೇಲಿಗಳು ಬರೆದದ್ದೂ ಇದೆ. ಹೊರಗಿನಿಂದ ಬರುವ ಪುಸ್ತಕಕ್ಕೆ ಬೆಲೆ ಜಾಸ್ತಿ ಇದ್ದೇ ಇರುತ್ತದೆ, ಹಾಗಾಗಿ ನಾನು ಕಾಫಿ ಹೇಳಿ ಕೂತು ಪುಟ ತಿರುಗಿಸುವವಳು. ಯಾರೂ ಎಬ್ಬಿಸಿಲ್ಲ.

ವೆಸ್ಟ್ ಬ್ಯಾಂಕಿನಲ್ಲಿರುವ ಪ್ಯಾಲೆಸ್ಟೀನಿಯರ ಬಿರ್‌ಜೈತ್ ವಿಶ್ವವಿದ್ಯಾಲಯದ ಕತೆ ನನಗೆ ಗೊತ್ತಾಗಿದ್ದು ಇಲ್ಲೇ. ಅದರ ಅಧ್ಯಕ್ಷ ಹನ್ನಾ ನಾಸಿರ್ ಅವರನ್ನು ಇಸ್ರೇಲ್ ಸೇನೆ 1974ರಲ್ಲಿ ಲೆಬನಾನಿಗೆ ಗಡೀಪಾರು ಮಾಡಿತ್ತು. ವಾಪಸ್ ಬಂದಿದ್ದು 1993ರಲ್ಲಿ. 1988ರ ಜನವರಿಯಿಂದ 1992ರ ಏಪ್ರಿಲ್ ತನಕ ಸೇನೆ ಕ್ಯಾಂಪಸ್ಸಿಗೇ ಬೀಗ ಹಾಕಿತು. ಮೇಷ್ಟ್ರುಗಳು ಮನೆಗಳಲ್ಲಿ ಕದ್ದುಮುಚ್ಚಿ ಪಾಠ ಮಾಡಿದರು. ಪಾಠ ಮಾಡುವುದೂ ಅಪರಾಧ ಅಂದರೆ ಏನು ಹೇಳೋಣ!

ಆದರೆ ಕಾಟ ಒಂದೇ ಕಡೆಯಿಂದ ಅಲ್ಲ. ನಾಬ್ಲುಸ್‌ನ ಅನ್-ನಜಾಹ್ ವಿಶ್ವವಿದ್ಯಾಲಯದ ಮೇಷ್ಟ್ರು ಅಬ್ದುಲ್ ಸತ್ತಾರ್ ಕಾಸಿಮ್ 1999ರಲ್ಲಿ ಭ್ರಷ್ಟಾಚಾರದ ವಿರುದ್ಧದ ಹೇಳಿಕೆಗೆ ಸಹಿ ಹಾಕಿದರು. ಅವರನ್ನು ಜೈಲಿಗೆ ಹಾಕಿದ್ದು ಪ್ಯಾಲೆಸ್ಟೀನಿಯರದ್ದೇ ಆದ ಅರಾಫತ್ ಆಡಳಿತ. ಅಲ್-ಕುದ್ಸ್ ವಿಶ್ವವಿದ್ಯಾಲಯದ ಮೇಷ್ಟ್ರು ಮೊಹಮ್ಮದ್ ದಜಾನಿ 2014ರಲ್ಲಿ ವಿದ್ಯಾರ್ಥಿಗಳನ್ನು ನಾಜಿಗಳು ಯಹೂದಿಗಳನ್ನು ಕೊಂದ ಆಶ್ವಿಟ್ಜ್ ಶಿಬಿರ ನೋಡಲು ಕರೆದುಕೊಂಡು ಹೋದರು. ಬಂದ ಮೇಲೆ ಅವರ ಮೇಲೆ ಎಷ್ಟು ಗಲಾಟೆ ಆಯಿತೆಂದರೆ ಕೆಲಸ ಬಿಡಬೇಕಾಯಿತು.

ಪಕ್ಕದ ಟೇಬಲ್ಲಿನ ಒಬ್ಬಳು ಹುಡುಗಿ ಬಿರ್‌ಜೈತ್‌ನಲ್ಲೇ ಓದುತ್ತಾಳೆ, ಇಸ್ರೇಲಿನ ಕಲಂದಿಯಾ ಚೆಕ್‌ಪಾಯಿಂಟ್ ದಾಟಿ ಹೋಗಿಬರುವವಳು. ಅಲ್ಲಿನ ವಿದ್ಯಾರ್ಥಿ ಸಂಘದ ಚುನಾವಣೆ ಬಗ್ಗೆ ಕೇಳಿದೆ. “ವೇದಿಕೆ ಮೇಲೆ ಎಲ್ಲಾ ಬಣದವರೂ ಎದುರಾಎದುರು ಬೈದಾಡ್ತಾರೆ, ಅದಕ್ಕೇನೂ ತೊಂದರೆ ಇಲ್ಲ. ಗೆದ್ದವರನ್ನ ಮೊದಲು ಎತ್ತಿಕೊಂಡು ಹೋಗೋದು ಇಸ್ರೇಲ್ ಸೇನೆಯೋ ನಮ್ಮ ಪ್ಯಾಲೆಸ್ಟೀನ್ ಪೊಲೀಸರೋ ಅಂತ ಬಾಜಿ ಕಟ್ತೀವಿ” ಅಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಈ ಅಂಗಡಿಗೂ ಅದೇ ಗತಿ. 2025ರ ಫೆಬ್ರವರಿ 9ರಂದು ಇಸ್ರೇಲಿ ಪೊಲೀಸರು ನುಗ್ಗಿದರು. ಪ್ಯಾಲೆಸ್ಟೀನ್ ಬಾವುಟ ಕಂಡ ಪುಸ್ತಕ ತೆಗೆದರು, ಅರ್ಥ ತಿಳಿಯಲು ಫೋನಿನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ಹಿಡಿದರು. ಸಾಕ್ಷಿಯೆಂದು ತೋರಿಸಿದ್ದು ಮಕ್ಕಳು ಬಣ್ಣ ತುಂಬುವ ಪುಸ್ತಕ! ಮಹಮೂದ್ ಮುನಾ ಮತ್ತು ಅವರ ಅಣ್ಣನ ಮಗ ಅಹ್ಮದ್ ಎರಡು ರಾತ್ರಿ ಲಾಕಪ್‌ನಲ್ಲಿದ್ದರು. ಕೋರ್ಟಿಗೆ ಹೊರದೇಶಗಳ ರಾಜತಾಂತ್ರಿಕರೂ ಬಂದು ಕೂತಿದ್ದರು. ಮಾರ್ಚ್‌ನಲ್ಲಿ ಮತ್ತೆ ದಾಳಿ. ಆಮೇಲೂ ಬಾಗಿಲು ತೆರೆದರು.

ಪವಿತ್ರ ನಾಡಿನ ಯಾತ್ರೆಗೆ ಊರಿಂದ ಬರುವವರಿಗೆ ಒಂದು ಮಾತು. ಯೇಸುವಿನ ಸಮಾಧಿಯೆಂದು ಕೆಲವರು ನಂಬುವ ಗಾರ್ಡನ್ ಟೂಂಬ್ ನೋಡಿದ ಮೇಲೆ ಸುಮ್ನೆ ಬಸ್ಸು ಹತ್ತಬೇಡಿ, ಅಂಗಡಿ ಅಲ್ಲಿಂದ ನಡೆಯುವಷ್ಟು ಹತ್ತಿರ. ಗೈಡ್ ಅವಸರ ಮಾಡಿದರೆ ಟಾಯ್ಲೆಟ್ ನೆಪ ಹೇಳಿ.