ಅಪ್ಪನ ಪೆಟ್ಟಿಗೆಗಳಿಗೆ ಮೂರು ಪದ್ಧತಿಗಳು

ಬಸವನಗುಡಿಯ ನಮ್ಮ ಮನೆಯ ಅಟ್ಟದಲ್ಲಿ ಅಪ್ಪ ನಲವತ್ತು ವರ್ಷ ಕತ್ತರಿಸಿಟ್ಟ ಪತ್ರಿಕೆಯ ತುಣುಕುಗಳು ಹನ್ನೊಂದು ಪೆಟ್ಟಿಗೆಗಳಲ್ಲಿದ್ದವು. ಕೆಳಗೆ ಆರುನೂರರಷ್ಟು ಪುಸ್ತಕಗಳು. ಹುಡುಕಿದ್ದು ಕೈಗೆ ಸಿಗಬೇಕೆಂಬ ಒಂದೇ ಆಸೆಯಿಂದ ಒಂದೂವರೆ ವರ್ಷದಲ್ಲಿ ಮೂರು ಪದ್ಧತಿಗಳನ್ನು ಪ್ರಯೋಗಿಸಿದೆ.

ಮೊದಲನೆಯದು 1876ರಿಂದ ಬಳಕೆಯಲ್ಲಿರುವ, ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ವರ್ಗೀಕರಣ. ಪುಸ್ತಕಗಳಿಗೆ ಸಲೀಸು: ಕನ್ನಡ ಸಾಹಿತ್ಯ 894.814, ಕರ್ನಾಟಕದ ಇತಿಹಾಸ 954.87. ಬೆನ್ನಿಗೆ ಚೀಟಿ ಅಂಟಿಸಿ ಕಪಾಟಿಗೆ ಸೇರಿಸಿದರಾಯಿತು. ತೊಡಕಾದದ್ದು ವಚನ ಸಂಪುಟಗಳಲ್ಲಿ. ಕಾವ್ಯವೆಂದರೆ 894.8141, ಧರ್ಮವೆಂದರೆ 294.5. ನಾನು ಕಾವ್ಯದಲ್ಲಿಟ್ಟೆ, ಅಮ್ಮ ಧರ್ಮದ ಸಾಲಿನಲ್ಲಿ ಹುಡುಕಿದರು. 220ರಿಂದ 289ರವರೆಗೆ ಬೈಬಲ್ ಮತ್ತು ಕ್ರೈಸ್ತ ಧರ್ಮವೇ ತುಂಬಿ, ಉಳಿದ ಧರ್ಮಗಳೆಲ್ಲ 290ರಲ್ಲಿ ಒತ್ತಿಕೊಂಡು ಕುಳಿತಿರುವುದು ಬೇಸರ ತರಿಸಿತು.

ಎರಡನೆಯದು ತುಣುಕುಗಳ ಚಿತ್ರ ತೆಗೆದು ಮೊಬೈಲಿನಲ್ಲಿ ಟ್ಯಾಗ್ ಹಾಕುವುದು. ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಒಮ್ಮೆ ‘ಕೆರೆ’, ಒಮ್ಮೆ ‘ಕೆರೆಗಳು’, ಇನ್ನೊಮ್ಮೆ ‘ಜಲಮೂಲ’ ಎಂದು ಬರೆದು ಮೂರು ರಾಶಿಗಳಾದವು. ಪದಗಳ ಪಟ್ಟಿ ಮಾಡಿ, ‘ಜಲಮೂಲ’ದ ಮುಂದೆ ‘ಕೆರೆ ನೋಡಿ’ ಎಂದು ಬರೆದ ಮೇಲೆಯೇ ಅದು ದಾರಿಗೆ ಬಂದದ್ದು.

ನನ್ನ ಮನಸ್ಸು ಗೆದ್ದದ್ದು ಮೂರನೆಯದು, ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ದ್ವಿಬಿಂದು ವರ್ಗೀಕರಣ. 1933ರಲ್ಲಿ ಅದನ್ನು ಪ್ರಕಟಿಸಿದ ಅವರು 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವನ್ನು ಕಟ್ಟಿದರು. ಇಲ್ಲಿ ವಿಷಯಕ್ಕೆ ಸಿದ್ಧವಾದ ಗೂಡಿಲ್ಲ. ವಿಷಯವನ್ನು ಬಿಡಿಸಿ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಲ್ಲಿ ಜೋಡಿಸಬೇಕು. ವ್ಯಕ್ತಿತ್ವವೆಂದರೆ ವಿಷಯದ ತಿರುಳು, ದ್ರವ್ಯವೆಂದರೆ ಅದರಲ್ಲಿರುವ ವಸ್ತು, ಶಕ್ತಿಯೆಂದರೆ ಅಲ್ಲಿ ನಡೆಯುವ ಕೆಲಸ, ದೇಶವೆಂದರೆ ಸ್ಥಳ. ಅಂಚು ಹಳದಿಗಟ್ಟಿದ ಒಂದು ತುಣುಕು ನೋಡಿ: ಕೆರೆಯ ಹೂಳೆತ್ತಿದ ಸುದ್ದಿ, ಮೂಲೆಯಲ್ಲಿ ಅಪ್ಪನ ನೀಲಿ ಶಾಯಿಯಲ್ಲಿ 1986. ನನ್ನ ಚೀಟಿಯಲ್ಲಿ ಅದು ಹೀಗಾಯಿತು: ಕೆರೆ; ಹೂಳು: ಎತ್ತುವುದು. ಬೆಂಗಳೂರು '1986. ಮೂಲದ ಸಂಕೇತಾಕ್ಷರಗಳ ಬದಲು ಕನ್ನಡ ಪದಗಳನ್ನೇ ಇಟ್ಟು, ಮುಖಗಳನ್ನು ಬೇರ್ಪಡಿಸುವ ಚಿಹ್ನೆಗಳನ್ನು ಮಾತ್ರ ಎರವಲು ಪಡೆದೆ. ಇದನ್ನೇ ಡ್ಯೂಯಿಯಲ್ಲಿ ಇತಿಹಾಸಕ್ಕೆ ಸೇರಿಸಲೋ ಎಂಜಿನಿಯರಿಂಗ್‌ಗೆ ಸೇರಿಸಲೋ ಎಂದು ಅರ್ಧ ಗಂಟೆ ಯೋಚಿಸಿದ್ದೆ. ಆದರೆ ಈ ಪದ್ಧತಿ ತಾಳ್ಮೆ ಕೇಳುತ್ತದೆ. ಒಂದು ಪೆಟ್ಟಿಗೆಗೆ ಮೂರು ಭಾನುವಾರ ಹಿಡಿಯಿತು.

ಕಳೆದ ತಿಂಗಳು ಪಕ್ಕದ ಮನೆಯ ವಿದ್ಯಾರ್ಥಿನಿ ಹೂಳಿನ ಬಗ್ಗೆ ಏನಾದರೂ ಇದೆಯೇ ಎಂದು ಕೇಳಿದಳು. ದ್ರವ್ಯದ ಮುಖದಿಂದ ಹುಡುಕಿದೆ. ನಾಲ್ಕು ಬೇರೆ ಬೇರೆ ಪೆಟ್ಟಿಗೆಗಳಿಂದ ಏಳು ತುಣುಕುಗಳು ಸಿಕ್ಕವು. ಪುಸ್ತಕಗಳನ್ನು ಡ್ಯೂಯಿಯಲ್ಲೇ ಬಿಟ್ಟಿದ್ದೇನೆ. ತುಣುಕುಗಳಲ್ಲಿ ಇನ್ನೂ ಎರಡು ಪೆಟ್ಟಿಗೆ ಬಾಕಿಯಿವೆ.