ಮೊಳೆ ಇಲ್ಲದ ಮಳೆಗಾಲ: ಕಾರವಾರದ ಬಾಡಿಗೆ ಮನೆಯಲ್ಲಿ ಐದು ಥರದ ಹುಕ್

ಮನೆಯ ಕೀಲಿ ಕೈಗೆ ಕೊಡುವಾಗ ಓನರ್ ಹೇಳಿದ್ದು ಎರಡೇ ಮಾತು. "ನೀರು ಬೆಳಿಗ್ಗೆ ಬರ್ತದೆ, ತುಂಬಿಸಿಟ್ಕೊಳ್ಳಿ. ಗೋಡೆಗೆ ಮಾತ್ರ ಮೊಳೆ ಹೊಡಿಬೇಡಿ ಹಾಂ."

ಎರಡನೆಯ ಮಾತಿಗೆ ಕಾರಣ ಇತ್ತು. ಕೋಡಿಬಾಗದ ಈ ಮನೆ ಹಳೆಯದು, ಚಿರೇಕಲ್ಲಿನ ಗೋಡೆ. ಮೇಲೆ ಸಿಮೆಂಟ್ ಗಿಲಾವು, ಅದರ ಮೇಲೆ ಡಿಸ್ಟೆಂಪರ್. ಚಿರೇಕಲ್ಲು ಅಂದರೆ ಗೊತ್ತಲ್ಲ, ಒಳಗೆಲ್ಲ ತೂತು. ಡ್ರಿಲ್ ಹಾಕಿದರೆ ಬಿಟ್ ತನಗೆ ಬೇಕಾದ ಕಡೆ ಹೋಗುತ್ತದೆ, ಸ್ಕ್ರೂ ಹಿಡಿಯುವ ಪ್ಲಗ್ ಸರಿಯಾಗಿ ಕೂರುವುದಿಲ್ಲ. ಹಿಂದಿನ ಬಾಡಿಗೆಯವರು ಟಿವಿ ಸ್ಟ್ಯಾಂಡ್ ಕೂರಿಸಲು ಹೋಗಿ ಅಂಗೈಯಗಲ ಗಿಲಾವು ಉದುರಿಸಿದ್ದರು. ತೇಪೆಯ ಗುರುತು ಹಾಲ್‌ನಲ್ಲಿ ಈಗಲೂ ಇದೆ.

ನಾನು ಶಿರಸಿ ಕಡೆಯವಳು. ನಮ್ಮ ಮನೆಯಲ್ಲಿ ಕೊಡೆ, ಕಂಬಳಿ, ಚೀಲ ಎಲ್ಲಕ್ಕೂ ಮರದ ಗೂಟ ಇತ್ತು. ಏನು ಎಲ್ಲಿ ನೇತುಹಾಕುವುದು ಅಂತ ಯಾರೂ ಯೋಚನೆ ಮಾಡಿದ್ದೇ ಇಲ್ಲ. ಇಲ್ಲಿ ಬಂದ ಮೇಲೆ ಒದ್ದೆ ಕೊಡೆ ಕುರ್ಚಿಯ ಮೇಲೆ, ರೇನ್‌ಕೋಟ್ ಕಿಟಕಿಯ ಮೇಲೆ, ಕ್ಯಾಲೆಂಡರ್ ಫ್ರಿಜ್ಜಿನ ಮೇಲೆ ಮಲಗಿತ್ತು. ಮೇ ಕೊನೆಯಲ್ಲಿ ಒಂದು ಭಾನುವಾರ ಕೂತು, ಮೊಳೆ ಹೊಡೆಯದೆ ಹಾಕಬಹುದಾದ ಹುಕ್ ಎಷ್ಟು ಥರ ಸಿಗುತ್ತದೋ ಅಷ್ಟನ್ನೂ ತಂದೆ. ಪೇಟೆಯ ಫ್ಯಾನ್ಸಿ ಅಂಗಡಿಯಿಂದ ಸ್ವಲ್ಪ, ಆನ್‌ಲೈನ್‌ನಲ್ಲಿ ಸ್ವಲ್ಪ. ಸೆಪ್ಟೆಂಬರ್ ಕೊನೆಗೆ ಲೆಕ್ಕ ನೋಡಿದೆ. ಮಧ್ಯೆ ಕಾರವಾರದ ಒಂದು ಪೂರ್ತಿ ಮಳೆಗಾಲ. ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು, ಅದರಲ್ಲಿ ಹೆಚ್ಚಿನದು ಈ ನಾಲ್ಕು ತಿಂಗಳಲ್ಲೇ. ಅಂಟಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಬೇಕಾ?

ಭಾರವನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಂಡೆ. ಒದ್ದೆ ಕೊಡೆ 600 ಗ್ರಾಂ. ಒದ್ದೆ ರೇನ್‌ಕೋಟ್, ಪ್ಯಾಂಟ್ ಸೇರಿ 1 ಕಿಲೊ 400. ತೆಳ್ಳೇವು, ಅಂದರೆ ತೆಳು ದೋಸೆ, ಹೊಯ್ಯುವ ಕಬ್ಬಿಣದ ಕಾವಲಿ 1 ಕಿಲೊ 900. ಕೀಲಿ ಗೊಂಚಲು ಲೆಕ್ಕಕ್ಕೇ ಇಲ್ಲ.

ಮೊದಲು ಎಲ್ಲರೂ ಕೊಳ್ಳುವಂಥದ್ದು. ಗಾಜಿನ ಹಾಗೆ ಕಾಣುವ ಚೌಕದ ಸ್ಟಿಕರ್, ಮಧ್ಯದಲ್ಲಿ ಸ್ಟೀಲಿನ ಕೊಕ್ಕೆ. ಹತ್ತಕ್ಕೆ 150 ರೂಪಾಯಿ. ಪ್ಯಾಕೆಟ್ ಮೇಲೆ 10 ಕಿಲೊ ತಡೆಯುತ್ತದೆ ಅಂತ ದೊಡ್ಡದಾಗಿ ಬರೆದಿತ್ತು. ತಂದ ದಿನವೇ ಒಲೆಯ ಪಕ್ಕದ ಟೈಲ್ಸನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅಂಟಿಸಿ, ಕಾವಲಿ ನೇತುಹಾಕಿ ಮಲಗಿದೆ. ರಾತ್ರಿ ಎರಡು ಗಂಟೆಗೆ ಢಣ್ ಅಂತ ಸದ್ದು. ಕಳ್ಳ ಬಂದ ಅಂದುಕೊಂಡೆ. ಹೋಗಿ ನೋಡಿದರೆ ಕಾವಲಿ ಕಟ್ಟೆಯ ಮೇಲೆ, ಕೆಳಗಿದ್ದ ಉಪ್ಪಿನ ಭರಣಿಯ ಮುಚ್ಚಳ ಎರಡು ಹೋಳು.

ತಪ್ಪು ಹುಕ್‌ನದ್ದಲ್ಲ. ಒಗ್ಗರಣೆಯ ಎಣ್ಣೆ ಟೈಲ್ಸ್ ಮೇಲೆ ಕಣ್ಣಿಗೆ ಕಾಣದ ಪದರ ಕಟ್ಟಿರುತ್ತದೆ. ನೀರಿನಲ್ಲಿ ಒರೆಸಿದರೆ ಅದು ಹೋಗುವುದಿಲ್ಲ. ಸೋಪು ಹಾಕಿದರೆ ಎಣ್ಣೆ ಹೋಗಿ ಸೋಪಿನ ಪದರ ಉಳಿಯುತ್ತದೆ. ಬೇಕಾದದ್ದು ಇಂಜೆಕ್ಷನ್ ಕೊಡುವಾಗ ತೋಳಿಗೆ ಒರೆಸುತ್ತಾರಲ್ಲ, ಆ ಸ್ಪಿರಿಟ್. ಮೆಡಿಕಲ್ ಶಾಪಿನಿಂದ ಒಂದು ಬಾಟಲಿ ತಂದೆ. ಒಲೆ ಆರಿಸಿ, ಹತ್ತಿಯಲ್ಲಿ ಅದ್ದಿ ಅದೇ ಟೈಲ್ಸ್ ಒರೆಸಿದೆ. ಬಿಳಿ ಹತ್ತಿ ಮಾವಿನ ಹಣ್ಣಿನ ಬಣ್ಣಕ್ಕೆ ತಿರುಗಿತು. ನಾಚಿಕೆ ಆಯಿತು, ದಿನಾ ಒರೆಸುವ ಜಾಗ ಅದು! ಹತ್ತಿ ಬೆಳ್ಳಗೆ ಬರುವವರೆಗೆ ನಾಲ್ಕು ಸಲ ಒರೆಸಿದೆ. ಆರಿದ ಮೇಲೆ ಹೊಸ ಸ್ಟಿಕರ್ ಇಟ್ಟು, ಹೆಬ್ಬೆರಳಿನಲ್ಲಿ ಮಧ್ಯದಿಂದ ಅಂಚಿಗೆ ಒತ್ತಿ ಒಳಗಿನ ಗಾಳಿ ಗುಳ್ಳೆ ಹೊರಗೆ ಹಾಕಿದೆ. ಒಂದು ದಿನ ಏನೂ ನೇತುಹಾಕಲಿಲ್ಲ. ಈ ಅಂಟು ಕೂಡಲೇ ಹಿಡಿಯುವ ಜಾತಿಯದ್ದಲ್ಲ, ನಿಧಾನಕ್ಕೆ ಹರಡಿಕೊಂಡು ಸಂದಿಗೆಲ್ಲ ಇಳಿದ ಮೇಲೆ ಪೂರ್ತಿ ಹಿಡಿತ ಬರುತ್ತದೆ. ಮರುದಿನ ಕಾವಲಿ ಹಾಕಿದೆ. ಅದೇ ಹುಕ್, ಅದೇ ಟೈಲ್ಸ್, ಅದೇ ಕಾವಲಿ. ನಾಲ್ಕು ತಿಂಗಳಾಯಿತು, ಒಂದು ಕೂದಲೆಳೆ ಜಾರಿಲ್ಲ. ಆದರೂ 10 ಕಿಲೊ ಅನ್ನುವ ಮಾತನ್ನು ನಾನು ನಂಬಿಲ್ಲ. ಮೂರು ಕಿಲೊ ದಾಟಿಸಿಲ್ಲ.

ಎರಡನೆಯದು ಎಳೆದು ತೆಗೆಯುವ ಪಟ್ಟಿಯ ಹುಕ್. 3ಎಂ ಕಂಪನಿ 1990ರ ದಶಕದಲ್ಲಿ ಕಮಾಂಡ್ ಅನ್ನುವ ಹೆಸರಿನಲ್ಲಿ ಇದನ್ನು ತಂದಿತು, ಈಗ ಬೇರೆಯವರದ್ದೂ ಸಿಗುತ್ತದೆ. ನಾನು ಎರಡು ಬೇರೆ ಬೇರೆ ಪ್ಯಾಕೆಟ್ ತಂದಿದ್ದೆ. ದುಬಾರಿ, ಎರಡು ಹುಕ್‌ಗೇ 200 ರೂಪಾಯಿ ಹತ್ತಿರ. ಆದರೆ ಉಪಾಯ ಚಂದ ಇದೆ. ಹುಕ್ ಹಿಂದಿನ ಪಟ್ಟಿಯ ಒಂದು ಬಾಲ ಕೆಳಗೆ ಉಳಿದಿರುತ್ತದೆ. ಬೇಡವಾದಾಗ ಆ ಬಾಲ ಹಿಡಿದು ಗೋಡೆಗೆ ತಾಗಿಸಿಕೊಂಡೇ ನೇರ ಕೆಳಕ್ಕೆ, ನಿಧಾನಕ್ಕೆ ಎಳೆಯಬೇಕು. ಪಟ್ಟಿ ರಬ್ಬರಿನ ಹಾಗೆ ಉದ್ದ ಆಗುತ್ತಾ ತೆಳ್ಳಗಾಗುತ್ತದೆ, ತೆಳ್ಳಗಾದಲ್ಲಿ ಅಂಟು ತಾನೇ ಬಿಡುತ್ತದೆ. ಅವಸರಕ್ಕೆ ಮುಂದಕ್ಕೆ ಎಳೆದಿರೋ, ಪಟ್ಟಿ ತುಂಡಾಗಿ ಅರ್ಧ ಗೋಡೆಯಲ್ಲೇ ಉಳಿಯುತ್ತದೆ. ನಾನು ಒಂದನ್ನು ಹಾಗೆ ಹಾಳು ಮಾಡಿದೆ.

ಇದರ ಕ್ರಮವೂ ಸುಲಭ. ಸ್ಪಿರಿಟ್‌ನಲ್ಲಿ ಒರೆಸು, 30 ಸೆಕೆಂಡ್ ಒತ್ತು, ಒಂದು ಗಂಟೆ ಬಿಡು, ಆಮೇಲೆ ಭಾರ ಹಾಕು. ಮಲಗುವ ಕೋಣೆಯ ಬಾಗಿಲು ಸನ್‌ಮೈಕಾದ್ದು. ಅದರ ಮೇಲೆ ಬಟ್ಟೆಚೀಲ ಇಡೀ ಮಳೆಗಾಲ ತೂಗಿತು. ಸೆಪ್ಟೆಂಬರ್‌ನಲ್ಲಿ ತೆಗೆದರೆ ಒಂದು ಕಲೆ ಇಲ್ಲ. ಬಾಡಿಗೆ ಮನೆಯವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ಬರೆದುಬಿಡುತ್ತಿದ್ದೆ, ಹಾಲ್‌ನ ಪಶ್ಚಿಮದ ಗೋಡೆಯೊಂದು ಇಲ್ಲದಿದ್ದರೆ.

ಆ ಗೋಡೆಗೂ ಇದೇ ಪಟ್ಟಿಯ ಹುಕ್ ಅಂಟಿಸಿ ಕೊಡೆ ನೇತುಹಾಕಿದ್ದೆ. ಜೂನ್ ಪೂರ್ತಿ ನಿಂತಿತು. ಜುಲೈಯಲ್ಲಿ ಜಡಿಮಳೆ ಹಿಡಿದ ವಾರ, ಆಫೀಸಿನಿಂದ ಬಂದು ನೋಡಿದರೆ ಕೊಡೆ ನೆಲದ ಮೇಲೆ. ಹುಕ್ ಎತ್ತಿ ತಿರುಗಿಸಿದೆ. ಬೆನ್ನಿಗೆ ಬಣ್ಣ ಹಪ್ಪಳದ ಹಾಗೆ ಅಂಟಿಕೊಂಡಿತ್ತು. ಅಂಚಿನಲ್ಲಿ ಉಗುರು ಹಾಕಿದರೆ ಪದರ ಎಣಿಸಬಹುದಿತ್ತು: ಮೇಲೆ ತಿಳಿ ಹಳದಿ, ಅದರಡಿ ನೀಲಿ, ಅದರಡಿ ಬರೀ ಸುಣ್ಣ. ಮೂರು ಬಾಡಿಗೆಯವರ ಇತಿಹಾಸ! ಅಂಟು ಬಿಟ್ಟಿರಲಿಲ್ಲ, ಹಿಡಿದದ್ದನ್ನು ಹಿಡಿದೇ ಇತ್ತು. ಬಿಟ್ಟದ್ದು ಗೋಡೆ. ಸಮುದ್ರದ ಕಡೆಯಿಂದ ಹೊಡೆಯುವ ಮಳೆ ಚಿರೇಕಲ್ಲಿನೊಳಗೆ ಇಳಿದು ಒಳಗಿನಿಂದ ಡಿಸ್ಟೆಂಪರನ್ನು ಎಬ್ಬಿಸಿತ್ತು.

ಅಲ್ಲಿಂದ ನನ್ನ ಪ್ರಶ್ನೆಯೇ ಬದಲಾಯಿತು. ಅಲ್ಲಿಯವರೆಗೆ ಯಾವ ಹುಕ್ ಒಳ್ಳೆಯದು ಅಂತ ನೋಡುತ್ತಿದ್ದೆ, ಆಮೇಲೆ ಯಾವ ಗೋಡೆಗೆ ಏನು ಅಂತ. ಈಗ ಏನೇ ಅಂಟಿಸುವ ಮುಂಚೆ ಎರಡು ಕೆಲಸ ಮಾಡುತ್ತೇನೆ. ಅಂಗೈಯಿಂದ ಗೋಡೆ ಸವರಿ ನೋಡುತ್ತೇನೆ, ಬಿಳಿ ಪುಡಿ ಕೈಗೆ ಬಂದರೆ ಅಲ್ಲಿಗೆ ಕೈ ಮುಗಿಯುವುದು. ಬರದಿದ್ದರೆ ಒಂದು ತುಂಡು ಸೆಲ್ಲೊಟೇಪ್ ಗಟ್ಟಿ ಒತ್ತಿ, ಪಟ್ಟನೆ ಕಿತ್ತು, ಬೆಳಕಿಗೆ ಹಿಡಿಯುತ್ತೇನೆ. ಟೇಪಿನಲ್ಲಿ ಬಣ್ಣದ ಚೂರು ಕಂಡರೆ 200 ರೂಪಾಯಿಯ ಹುಕ್ಕೂ ಅಷ್ಟೇ, 15 ರೂಪಾಯಿಯದ್ದೂ ಅಷ್ಟೇ. ಹೊಸದಾಗಿ ಬಣ್ಣ ಹೊಡೆಸಿದ ಗೋಡೆಗೂ ಅವಸರ ಬೇಡ. ವಾರ ಅಂತ ಪ್ಯಾಕೆಟ್ ಹೇಳಿದರೂ ನಮ್ಮ ಕರಾವಳಿಯ ಗಾಳಿಯಲ್ಲಿ ನಾನು ಒಂದು ತಿಂಗಳು ಬಿಡುತ್ತೇನೆ.

ವ್ಯಾಕ್ಯೂಮ್ ಹುಕ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ರಬ್ಬರಿನ ಬಟ್ಟಲು, ಒತ್ತಿದರೆ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಹೊರಗಿನ ಗಾಳಿಯ ಒತ್ತಡವೇ ಅದನ್ನು ಹಿಡಿದಿಡುತ್ತದೆ. ಅಂದರೆ ಅಂಚಿನಲ್ಲಿ ಸೂಜಿಯಷ್ಟು ಸಂದಿ ಇದ್ದರೂ ಮುಗಿಯಿತು. ನನ್ನ ಬಚ್ಚಲುಮನೆಯ ಟೈಲ್ಸ್ ಸ್ವಲ್ಪ ತರಿತರಿ. ನಾಲ್ಕು ದಿನಕ್ಕೊಮ್ಮೆ ಟಪ್ ಅಂತ ಬೀಳುತ್ತಿತ್ತು. ಎರಡು ಟೈಲ್ಸಿನ ಮಧ್ಯದ ಗೆರೆಯ ಮೇಲೆ ಕೂತರಂತೂ ನಾಲ್ಕು ನಿಮಿಷವೂ ಇಲ್ಲ. ಕನ್ನಡಿಯ ಮೇಲೆ, ಅಂಚು ಸ್ವಲ್ಪ ಒದ್ದೆ ಮಾಡಿ ಒತ್ತಿದರೆ, ಚೆನ್ನಾಗಿ ನಿಲ್ಲುತ್ತದೆ. ಕನ್ನಡಿಯ ಮೇಲೆ ನೇತುಹಾಕಲು ಬಾಚಣಿಗೆ ಬಿಟ್ಟು ನನ್ನ ಹತ್ತಿರ ಏನೂ ಇಲ್ಲ.

ಬಾಗಿಲ ಮೇಲೆ ಸಿಕ್ಕಿಸುವ ಸ್ಟೀಲ್ ಹುಕ್ ಆಯಿಗೆ ತುಂಬಾ ಹಿಡಿಸಿತು. ಜೂನ್‌ನಲ್ಲಿ ಶಿರಸಿಯಿಂದ ಬಂದಿದ್ದಳು. ನನ್ನ ಸ್ಪಿರಿಟ್ಟು, ಹತ್ತಿ, ತಕ್ಕಡಿ ಎಲ್ಲ ನೋಡಿ, "ಒಂದು ಮೊಳೆ ಹೊಡದ್ರೆ ಆಗ್ತಿತ್ತು, ಇಷ್ಟೆಲ್ಲ ಎಂತಕ್ಕೆ?" ಅಂದಳು. ಬಾಗಿಲಿನದ್ದನ್ನು ಮಾತ್ರ ಒಪ್ಪಿದಳು. ಅಂಟಿಲ್ಲ, ಕಾಯಬೇಕಾಗಿಲ್ಲ, ಆರು ಕೊಕ್ಕೆಗೂ ಒದ್ದೆ ರೇನ್‌ಕೋಟ್ ಹಾಕಿದರೂ ಅಲುಗುವುದಿಲ್ಲ. ಆದರೆ ಮುಂಬಾಗಿಲು ಮರದ್ದು. ಮಳೆಗಾಲದಲ್ಲಿ ಮರ ಉಬ್ಬುವುದು ಗೊತ್ತಿದ್ದದ್ದೇ, ಜುಲೈ ಎರಡನೇ ವಾರಕ್ಕೆ ಬಾಗಿಲು ಚೌಕಟ್ಟಿಗೆ ಬಿಗಿ ಆಯಿತು. ಹುಕ್‌ನ ತಗಡು ತೆಳ್ಳಗೆ ಇದ್ದರೂ ಅದಕ್ಕೂ ಜಾಗ ಇಲ್ಲ. ಒಂದು ಸಂಜೆ ಒಳಗಿನಿಂದ ಬಾಗಿಲು ಹಾಕಲು ಭುಜ ಕೊಟ್ಟು ದೂಡಬೇಕಾಯಿತು, ಮರುದಿನ ಬೆಳಿಗ್ಗೆ ತೆಗೆಯಲು ಕಾಲು ಕೊಟ್ಟು ಎಳೆಯಬೇಕಾಯಿತು. ಈಗ ಅದು ಬಚ್ಚಲಿನ ಪಿವಿಸಿ ಬಾಗಿಲಿಗೆ ಹೋಗಿದೆ. ಪಿವಿಸಿ ಉಬ್ಬುವುದಿಲ್ಲ. ಬಾಗಿಲು ತೆಳ್ಳಗಿರುವುದರಿಂದ ಹುಕ್ ಸಡಿಲವಾಗಿ ಟಕಟಕ ಅನ್ನುತ್ತಿತ್ತು, ಹಳೆ ಸೈಕಲ್ ಟ್ಯೂಬಿನ ತುಂಡು ಒಳಗೆ ಇಟ್ಟೆ, ನಿಂತಿತು. ಕೊಳ್ಳುವ ಮುಂಚೆ ಬಾಗಿಲಿನ ದಪ್ಪ ಅಳೆದುಕೊಳ್ಳಿ. ನಾನು ಅಳೆಯಲಿಲ್ಲ.

ಕೊನೆಯದು ಅರ್ಧ ಮೋಸ. ಪ್ಲಾಸ್ಟಿಕ್ ಹುಕ್, ಹಿಂದೆ ನಾಲ್ಕು ಸೂಜಿಯಂಥ ಮೊಳೆ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಕೂರುತ್ತದೆ. ಡ್ರಿಲ್ ಅಲ್ಲ, ಆದರೆ ಮೊಳೆ ಅಲ್ಲ ಅಂತಲೂ ಹೇಳುವ ಹಾಗಿಲ್ಲ. ಒಂದನ್ನು ಒಯ್ದು ಓನರ್‌ಗೇ ತೋರಿಸಿದೆ. ಕನ್ನಡಕ ಹಾಕಿ ಹಿಂದೆ ಮುಂದೆ ತಿರುಗಿಸಿದರು. "ಇದು ಮೊಳೆ ಅಲ್ವಾ?" "ಸೂಜಿ ಸರ್." ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೇ ಹೊಡೀರಿ, ಪೂರ್ವದ ಗೋಡೆಗೆ" ಅಂದರು. ಒಂದಕ್ಕೆ 10 ರೂಪಾಯಿ. ಪೂರ್ವದ ಗೋಡೆಯ ಗಿಲಾವು ಗಟ್ಟಿ, ಡಿಸ್ಟೆಂಪರ್ ಎದ್ದರೂ ಇದಕ್ಕೆ ಸಂಬಂಧ ಇಲ್ಲ, ಸೂಜಿ ಹಿಡಿದಿರುವುದು ಒಳಗಿನ ಸಿಮೆಂಟನ್ನು. ದೇವರ ಫೋಟೊ, ಕ್ಯಾಲೆಂಡರ್ ಎರಡೂ ಅಲ್ಲಾಡಿಲ್ಲ. ಒಂದು ಕಿಲೊ ಒಳಗಿನ ಸಾಮಾನಿಗೆ, ಡಿಸ್ಟೆಂಪರ್ ಗೋಡೆಗೆ, ಐದರಲ್ಲಿ ನನ್ನ ಆಯ್ಕೆ ಇದೇ. ಮನೆ ಬಿಡುವಾಗ ನಾಲ್ಕು ಚುಕ್ಕಿ ತೂತಿಗೆ ಸ್ವಲ್ಪ ಪುಟ್ಟಿ ಸಾಕು, ಬಿಳಿ ಟೂತ್‌ಪೇಸ್ಟ್ ಕೂಡ ನಡೆಯುತ್ತದೆ.

ಅಂಟಿನ ಹುಕ್‌ಗೆ ಭಾರ ಹಾಕುವಾಗ ಇನ್ನೊಂದು ವಿಷಯ. ನೇರ ಕೆಳಕ್ಕೆ ಎಳೆಯುವ ಭಾರವನ್ನು ಅಂಟು ಸುಲಭವಾಗಿ ತಡೆಯುತ್ತದೆ. ಮುಂದಕ್ಕೆ ಬಾಗಿಸುವ ಭಾರ ಬಂದರೆ ಮೇಲಿನ ಅಂಚಿನಿಂದ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿಯಲು ಶುರು. ಅದಕ್ಕೇ ಉದ್ದ ಮೂಗಿನ ಹುಕ್‌ಗಿಂತ ಗೋಡೆಗೆ ಒತ್ತಿ ನಿಲ್ಲುವ ಗಿಡ್ಡ ಹುಕ್ ವಾಸಿ. ದಪ್ಪ ಬ್ಯಾಗು, ಹೆಲ್ಮೆಟ್ಟು ತೂಕ ಕಡಿಮೆ ಇದ್ದರೂ ಮುಂದಕ್ಕೆ ಚಾಚಿಕೊಳ್ಳುತ್ತವೆ, ಅವಕ್ಕೆ ಕಿಟಕಿಯ ಸರಳಿಗೆ ಎಸ್ ಆಕಾರದ ಕೊಕ್ಕೆಯೇ ಸರಿ.

ಸ್ಟಿಕರ್ ಹುಕ್‌ನ ಕೊಕ್ಕೆಗೆ ಆಗಸ್ಟ್ ಹೊತ್ತಿಗೆ ತುಕ್ಕು ಹಿಡಿಯಿತು. ಉಪ್ಪು ಗಾಳಿಗೆ ಸುಮ್ನೆ ಹೊಳೆಯುವ ಸ್ಟೀಲು ತಡೆಯುವುದಿಲ್ಲ. ಬಚ್ಚಲಿನ ಟೈಲ್ಸ್ ಮೇಲೆ ಕಂದು ಗೆರೆ ಇಳಿದಿದೆ, ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಒದ್ದೆ ಜಾಗಕ್ಕೆ ಪೂರ್ತಿ ಪ್ಲಾಸ್ಟಿಕ್‌ನದ್ದೇ ತನ್ನಿ. ಇನ್ನು ಈ ಸ್ಟಿಕರ್ ಕೀಳುವುದು ಒಂದು ಕೆಲಸ. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ, ಗಾಳದ ನೈಲಾನ್ ದಾರವನ್ನು ಹಿಂದೆ ತೂರಿಸಿ ಗರಗಸದ ಹಾಗೆ ಆಡಿಸಿದರೆ ಬರುತ್ತದೆ. ಉಳಿದ ಅಂಟು ಹಲಸಿನ ಮೇಣದ ಥರ. ಅದಕ್ಕೆ ಮದ್ದೂ ಅದೇ, ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸುವುದು. ಟೈಲ್ಸ್‌ಗೆ ಮಾತ್ರ. ಬಣ್ಣದ ಗೋಡೆಗೆ ಎಣ್ಣೆ ಮುಟ್ಟಿಸಿದರೆ ಕಲೆ ಕೂತುಬಿಡುತ್ತದೆ.

ಈಗ ಮನೆಯ ಸ್ಥಿತಿ ಹೀಗಿದೆ. ಅಡಿಗೆಮನೆಯ ಟೈಲ್ಸ್‌ಗೆ ನಾಲ್ಕು ಸ್ಟಿಕರ್, ಸನ್‌ಮೈಕಾ ಬಾಗಿಲಿಗೂ ಕಪಾಟಿಗೂ ಪಟ್ಟಿಯ ಹುಕ್, ಪೂರ್ವದ ಗೋಡೆಗೆ ಸೂಜಿ ಎರಡು. ಪಶ್ಚಿಮದ ಗೋಡೆಗೆ ಏನೂ ಇಲ್ಲ. ಬಣ್ಣ ಎದ್ದ ಜಾಗ ಒಂದು ರೂಪಾಯಿಯಷ್ಟಿದ್ದದ್ದು ಈಗ ತಟ್ಟೆಯಷ್ಟಾಗಿದೆ, ಅದು ನನ್ನ ಹುಕ್‌ನಿಂದಲ್ಲ, ಮಳೆಯಿಂದ ಅಂತ ಓನರ್‌ಗೆ ಇನ್ನೂ ಹೇಳಬೇಕು. ಕೊಡೆ ಹೊರಗೆ, ಜಗಲಿಯ ಸರಳಿಗೆ ತೂಗುತ್ತಿದೆ.