ಹದಿನೆಂಟೂವರೆ ಸಾವಿರದ ಹಳೇ ಥಿಂಕ್‌ಪ್ಯಾಡ್, ಮೂರು ತಿಂಗಳ ನಂತರ

ಹೊಸ ಲ್ಯಾಪ್‌ಟಾಪ್ ತರುತ್ತೇನೆಂದು ಕಾಸರಗೋಡು ಪೇಟೆಗೆ ಹೋದವನು ಏಳು ವರ್ಷ ಹಳೇದನ್ನು ಹಿಡ್ಕೊಂಡು ಬಂದೆ. ಮನೆಯಲ್ಲಿ ಎರಡು ದಿನ ಮಾತಿಲ್ಲ.

ಲೆನೋವೊ ಥಿಂಕ್‌ಪ್ಯಾಡ್ ಟಿ480, 2018ರ ಮಾಡೆಲ್. ಇಂಟೆಲ್ ಐ5 ಎಂಟನೇ ಜನರೇಶನ್ ಪ್ರೊಸೆಸರ್, 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ, 18,500 ರೂಪಾಯಿ. ಯಾವುದೋ ಆಫೀಸಿನಲ್ಲಿ ದುಡಿದು ಬಂದದ್ದು, ಮುಚ್ಚಳದ ಮೇಲೆ ಸ್ಟಿಕ್ಕರ್ ಕಿತ್ತ ಕಲೆ ಈಗಲೂ ಇದೆ. ತಂದದ್ದು ಹೊಸ ಬಸ್ ಸ್ಟ್ಯಾಂಡ್ ಕಡೆಯ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ. ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಅದೇ ಅಂಗಡಿಯಲ್ಲಿ ಟಿ470 ಕೂಡ ಇತ್ತು, ಮೂರು ಸಾವಿರ ಕಡಿಮೆ. ಹೊರಗಿನಿಂದ ನೋಡಿದರೆ ಎರಡೂ ಅವಳಿ ಮಕ್ಕಳ ಹಾಗೆ. ಅಂಗಡಿ ಹುಡುಗ "ಎರಡೂ ಒಂದೇ ಅಣ್ಣ, ಸುಮ್ನೆ ಯಾಕೆ ಜಾಸ್ತಿ ಕೊಡ್ತೀರಿ" ಅಂದ. ಒಂದೇ ಅಲ್ಲ. ಟಿ470ರ ಏಳನೇ ಜನರೇಶನ್ ಐ5ಗೆ ಎರಡು ಕೋರ್, ಅಂದರೆ ಕೆಲಸ ಮಾಡುವ ಎರಡು ತಲೆ, ಎಂಟನೆಯದಕ್ಕೆ ನಾಲ್ಕು. ಅದಕ್ಕಿಂತ ಮುಖ್ಯ ವಿಷಯ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ, ವಿಂಡೋಸ್ 11 ಬೇಕಾದರೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ಜನರೇಶನ್‌ನಿಂದಲೇ ಶುರು. ಏಳನೆಯದಕ್ಕೆ ಏನೇನೋ ಕಸರತ್ತು ಮಾಡಿ 11 ಹಾಕಿ ಕೊಡುವವರು ಇದ್ದಾರೆ. ಮುಂದೊಂದು ದಿನ ಅಪ್‌ಡೇಟ್ ಕೈಕೊಟ್ಟರೆ ಅವರನ್ನು ಎಲ್ಲಿ ಹುಡುಕುವುದು? ಆ ಮೂರು ಸಾವಿರ ಉಳಿಸಬೇಡಿ.

ಇನ್ನು ಬ್ಯಾಟರಿ ಕಥೆ. ಎಷ್ಟು ಹೊತ್ತು ಬರುತ್ತದೆ ಅಂತ ಕೇಳಿದೆ. "ಐದು ಗಂಟೆ ಪಕ್ಕಾ ಅಣ್ಣ." ಸ್ಕ್ರೀನಿನಲ್ಲೂ ನೂರು ಪರ್ಸೆಂಟ್ ತೋರಿಸುತ್ತಿತ್ತು. ನಂಬಿದೆ. ಮನೆಗೆ ಬಂದು ಚಾರ್ಜರ್ ತೆಗೆದರೆ ಎರಡು ಗಂಟೆ ತುಂಬುವ ಮೊದಲೇ ಕಣ್ಣು ಮುಚ್ಚಿತು. ನೂರು ಪರ್ಸೆಂಟ್ ಅಂದರೆ ಈಗ ಆ ಬ್ಯಾಟರಿಯಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು ತುಂಬಿದೆ ಅಂತ ಮಾತ್ರ. ಕೊಡಪಾನದಲ್ಲಿ ಅರ್ಧ ಕೆಸರು ಇದ್ದರೂ ಬಾಯಿಮಟ್ಟ ನೀರು ಕಾಣುತ್ತದೆ, ಅಲ್ವಾ, ಹಾಗೆ.

ಕೆಸರು ಎಷ್ಟಿದೆ ಅಂತ ನೋಡಲಿಕ್ಕೆ ದಾರಿ ಇದೆ, ಅದೂ ಬಿಟ್ಟಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆದು ಪವರ್‌ಸಿಎಫ್‌ಜಿ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ, ಒಂದು ಸ್ಪೇಸ್, ಒಂದು ಸ್ಲ್ಯಾಶ್, ಆಮೇಲೆ ಬ್ಯಾಟರಿರಿಪೋರ್ಟ್ ಅಂತ ಒಟ್ಟಿಗೆ (powercfg /batteryreport). ಒಂದು ಫೈಲ್ ಆಗುತ್ತದೆ, ಎಲ್ಲಿದೆ ಅಂತ ಅಲ್ಲೇ ತೋರಿಸುತ್ತದೆ, ಅದನ್ನು ಬ್ರೌಸರಿನಲ್ಲಿ ತೆರೆಯಿರಿ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಅಂತ ಎರಡು ಸಾಲು. ಮೊದಲನೆಯದು ಹುಟ್ಟಿದಾಗಿನ ಶಕ್ತಿ, ಎರಡನೆಯದು ಈಗಿನದ್ದು. ಟಿ480ಯಲ್ಲಿ ಎರಡು ಬ್ಯಾಟರಿ ಇರುತ್ತದೆ, ಒಂದು ಒಳಗೆ, ಇನ್ನೊಂದು ಹಿಂದೆ ಚಿಲಕ ಸರಿಸಿ ತೆಗೆಯುವಂಥದ್ದು. ನನ್ನದರಲ್ಲಿ ಎರಡೂ 24 ವ್ಯಾಟ್ ಅವರ್‌ನವು (ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಹಿಡಿಯುತ್ತದೆ ಎಂಬ ಅಳತೆ). ಒಳಗಿನದ್ದು 17 ಉಳಿದಿತ್ತು, ಪರವಾಗಿಲ್ಲ. ಹಿಂದಿನದ್ದು ಬರೀ 9!

ಮಾರನೇ ದಿನ ಬೆಳಗ್ಗಿನ ಬಸ್ಸಿಗೇ ಹೋದೆ. ಬಿಲ್ಲಿನ ಮೇಲೆ ಆರು ತಿಂಗಳ ವಾರಂಟಿ ಅಂತ ದೊಡ್ಡದಾಗಿ ಇದೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬ್ಯಾಟರಿ, ಚಾರ್ಜರ್ ಬಿಟ್ಟು ಅಂತ. ಅರ್ಧ ಗಂಟೆ ಕನ್ನಡ, ಮಲಯಾಳ, ತುಳು ಮೂರರಲ್ಲೂ ಜಗಳ ಆಯಿತು. ಕೊನೆಗೆ ಹಳೇದನ್ನು ವಾಪಸ್ ತಗೊಂಡು 2,500 ರೂಪಾಯಿಗೆ 72 ವ್ಯಾಟ್ ಅವರ್‌ನ ದೊಡ್ಡ ಬ್ಯಾಟರಿ ಕೊಟ್ಟ. ಒಟ್ಟು 21,000 ಆಯಿತು. ಈ ದೊಡ್ಡ ಬ್ಯಾಟರಿ ಕೆಳಗೆ ಉಬ್ಬಿಕೊಂಡಿರುತ್ತದೆ, ನೋಡಲಿಕ್ಕೆ ಚಂದ ಇಲ್ಲ. ಆದರೆ ಹಿಂದೆ ಸ್ವಲ್ಪ ಎತ್ತರ ಆಗುವುದರಿಂದ ಟೈಪ್ ಮಾಡಲಿಕ್ಕೆ ನನಗೆ ಹಿತವೇ ಆಯಿತು. ಈಗ ಬರೆಯುವ ಕೆಲಸ ಮಾತ್ರ ಇದ್ದರೆ ಏಳು ಗಂಟೆ ಹತ್ತಿರ ಬರುತ್ತದೆ.

ಬ್ಯಾಟರಿಗೆ ಇಷ್ಟೊಂದು ತಲೆಕೆಡಿಸಿಕೊಂಡದ್ದು ಯಾಕೆ ಅಂತ ಘಟ್ಟದ ಮೇಲಿನವರು ಕೇಳಬಹುದು. ನಮ್ಮದು ಪೆರ್ಲದಿಂದಲೂ ಒಳಗೆ, ಅಡಿಕೆ ತೋಟದ ನಡುವೆ ಮನೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯಲ್ಲಿ ಮಧ್ಯಾಹ್ನ ಮೂರು ಕಳೆದರೆ ಗುಡುಗು ಶುರು. ಮೊದಲ ಗುಡುಗಿಗೇ ಅಮ್ಮ ಮನೆಯ ಪ್ಲಗ್ಗೆಲ್ಲ ಎಳೆಯುತ್ತಾರೆ, ಎರಡನೆಯದಕ್ಕೆ ಕರೆಂಟು ತಾನಾಗಿ ಹೋಗುತ್ತದೆ. ಹೋದ ವರ್ಷ ಒಂದು ರೂಟರ್, ಒಂದು ಟಿವಿ ಸಿಡಿಲಿಗೆ ಕೊಟ್ಟಿದ್ದೇವೆ. ಹಾಗಾಗಿ ಪ್ಲಗ್ಗಿಲ್ಲದೆ ಸಂಜೆ ಕಳೆಯುವ ಲ್ಯಾಪ್‌ಟಾಪ್ ಇಲ್ಲಿ ಶೋಕಿಯಲ್ಲ. ಹಿಂದಿನ ಬ್ಯಾಟರಿ ಖಾಲಿಯಾದರೆ ಲ್ಯಾಪ್‌ಟಾಪ್ ಆನ್ ಇರುವಾಗಲೇ ತೆಗೆದು ಇನ್ನೊಂದು ಹಾಕಬಹುದು, ಅಷ್ಟು ಹೊತ್ತು ಒಳಗಿನದ್ದು ಎಳೆಯುತ್ತದೆ. ಚಾರ್ಜಿಂಗ್ ಟೈಪ್ ಸಿ ಪಿನ್ನಿನಲ್ಲಿ, 65 ವ್ಯಾಟ್‌ನ ಒಳ್ಳೆಯ ಪಿಡಿ (ಪವರ್ ಡೆಲಿವರಿ) ಚಾರ್ಜರ್ ಯಾವುದಾದರೂ ಆಗುತ್ತದೆ.

ಗೇಮ್. ಅಕ್ಕನ ಮಗ ಬಂದವನೇ ಕೇಳಿದ್ದು "ಮಾವ, ಗ್ರಾಫಿಕ್ಸ್ ಕಾರ್ಡ್ ಯಾವುದು?" ಕಾರ್ಡ್ ಗೀರ್ಡ್ ಇಲ್ಲ ಮಾರಾಯ, ಇಂಟೆಲ್ ಯುಎಚ್‌ಡಿ 620. ಪ್ರೊಸೆಸರಿನೊಳಗೇ ಇರುವಂಥದ್ದು, ತನ್ನದೇ ಮೆಮೊರಿ ಇಲ್ಲ, ರ್‍ಯಾಮಿನಿಂದಲೇ ಸಾಲ ತಗೊಳ್ಳುತ್ತದೆ. ಇಲ್ಲಿ ಒಂದು ಗುಟ್ಟಿದೆ. ಇದರಲ್ಲಿ ರ್‍ಯಾಮಿಗೆ ಎರಡು ಸ್ಲಾಟ್. ಅಂಗಡಿಯವರು ಸಾಮಾನ್ಯವಾಗಿ ಒಂದರಲ್ಲಿ 8 ಜಿಬಿ ಹಾಕಿ ಇನ್ನೊಂದನ್ನು ಖಾಲಿ ಬಿಡುತ್ತಾರೆ. ಒಂದೇ ಇದ್ದರೆ ಡೇಟಾ ಓಡಾಡಲಿಕ್ಕೆ ಒಂದೇ ದಾರಿ, ಸಂಕದಲ್ಲಿ (ಒಬ್ಬರೇ ದಾಟುವ ಕಿರುಸೇತುವೆ) ನಡೆದ ಹಾಗೆ, ಎದುರಿನವನು ದಾಟುವವರೆಗೆ ಕಾಯಬೇಕು. ನಾನು ಗೆಳೆಯನ ಹಾಳಾದ ಲ್ಯಾಪ್‌ಟಾಪಿನಿಂದ ಇನ್ನೊಂದು 8 ಜಿಬಿ ಡಿಡಿಆರ್4 ತೆಗೆದು ಹಾಕಿದೆ. ವ್ಯಾಲೊರಂಟ್ ಅಂತ ಶೂಟಿಂಗ್ ಗೇಮ್, ಎಲ್ಲ ಸೆಟ್ಟಿಂಗ್ ಕಡಿಮೆಗೆ ಇಳಿಸಿ, ಸೆಕೆಂಡಿಗೆ 40ರ ಆಸುಪಾಸು ಫ್ರೇಮ್ ಬರುತ್ತಿದ್ದದ್ದು 55 ದಾಟಿತು. ಮೊದಲು ಮುಖ ಸಿಂಡರಿಸಿದ್ದ ಹುಡುಗ ಈಗ ಶನಿವಾರ ಬಸ್ಸಿಳಿದು ಸೀದಾ ಇಲ್ಲಿಗೇ ಬರುತ್ತಾನೆ.

ಜಿಟಿಎ 5 ಕೂಡ 720ರ ಕಡಿಮೆ ರೆಸಲ್ಯೂಶನ್ನಿನಲ್ಲಿ ತೆವಳಿಕೊಂಡು ಓಡಿತು, ಆದರೆ ನೂರು ಜಿಬಿ ನುಂಗುವ ಗೇಮನ್ನು 256ರ ಎಸ್‌ಎಸ್‌ಡಿಯಲ್ಲಿ ಇಟ್ಟುಕೊಳ್ಳುವುದು ಬುದ್ಧಿವಂತಿಕೆ ಅಲ್ಲ, ಎರಡೇ ದಿನಕ್ಕೆ ತೆಗೆದೆ. ನನ್ನ ಮಟ್ಟಿಗೆ ಏಜ್ ಆಫ್ ಎಂಪೈರ್ಸ್ 2 ಸಾಕು. 1999ರ ಆಟ, 2019ರಲ್ಲಿ ಹೊಸ ಬಣ್ಣ ಬಳಿದು ಬಿಟ್ಟಿದ್ದಾರೆ, ಇದರಲ್ಲಿ ಆರಾಮಾಗಿ ಓಡುತ್ತದೆ. ಕಾಲೇಜಿನಲ್ಲಿ ಇದ್ದಾಗ ನೆಟ್ ಸೆಂಟರಿನಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಆಡಿದ್ದೆ. ಈಗ ರಾತ್ರಿ ಹತ್ತಕ್ಕೆ ಕೂತರೆ ಹನ್ನೆರಡಾದದ್ದು ಗೊತ್ತಾಗುವುದಿಲ್ಲ. ಹೊಸ ದೊಡ್ಡ ಗೇಮ್‌ಗಳನ್ನೇ ಆಡಬೇಕು ಅಂತ ಇದ್ದರೆ ಇದು ಬೇಡ.

ನಿಜವಾಗಿ ತಂದದ್ದು ಮಗಳಿಗೆ. ಕನ್ನಡ ಮೀಡಿಯಮ್ ಒಂಬತ್ತನೇ ಕ್ಲಾಸು. ಕೇರಳದ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ವಿಂಡೋಸ್‌ನಲ್ಲಿ ಅಲ್ಲ, ಲಿನಕ್ಸ್‌ನಲ್ಲಿ. ಉಬುಂಟು ಎಂಬ ಲಿನಕ್ಸ್ ಆಧರಿಸಿ ಕೇರಳ ಸರಕಾರದ ಕೈಟ್ ಸಂಸ್ಥೆಯವರು ಮಾಡಿದ್ದು, ಪರೀಕ್ಷೆಯೂ ಅದರಲ್ಲೇ. ಇಂಕ್‌ಸ್ಕೇಪ್, ಜಿಯೋಜೀಬ್ರಾ, ಪೈಥಾನ್ ಎಲ್ಲ ಮಕ್ಕಳಿಗೆ ಬಾಯಿಪಾಠ. ಅಂಗಡಿ ಹುಡುಗನಿಗೆ ಹೇಳಿ ಎರಡನ್ನೂ ಹಾಕಿಸಿದೆ, ಆನ್ ಮಾಡುವಾಗ ಯಾವುದು ಬೇಕು ಅಂತ ಕೇಳುತ್ತದೆ. ಲಿನಕ್ಸ್‌ನಲ್ಲಿ ವೈಫೈ, ಸೌಂಡು ಎಲ್ಲ ಏನೂ ಮಾಡದೆ ಸಿಕ್ಕಿತು. ಈ ಹುಡುಗನಿಗೆ ಬ್ಯಾಟರಿ ವಿಷಯದಲ್ಲಿ ಬೈದದ್ದು ನಿಜ, ಆದರೆ ಈ ಕೆಲಸ ಅಚ್ಚುಕಟ್ಟಾಗಿ ಮಾಡಿದ, ಕಾಸೂ ತಗೊಳ್ಳಲಿಲ್ಲ. ಫ್ಯಾನಿನ ಧೂಳು ತೆಗೆದು, ಪ್ರೊಸೆಸರಿಗೆ ಬಿಸಿ ಇಳಿಸುವ ಹೊಸ ಪೇಸ್ಟ್ ಹಚ್ಚಿಯೂ ಕೊಟ್ಟ.

ಕೀಬೋರ್ಡಿಗೆ ಪೂರ್ತಿ ಮಾರ್ಕು. ಕೀಗಳು ಆಳಕ್ಕೆ ಹೋಗುತ್ತವೆ, ಒತ್ತಿದ್ದು ಬೆರಳಿಗೆ ಗೊತ್ತಾಗುತ್ತದೆ. ನಾನು ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆಯವನು, ಮಗಳು ವಿಂಡೋಸ್‌ನ ಫೋನೆಟಿಕ್ ಕನ್ನಡದವಳು, ಇಬ್ಬರಿಗೂ ಜಗಳ ಇಲ್ಲ. ನಡುವೆ ಮೌಸಿನ ಬದಲಿಗೆ ಒಂದು ಕೆಂಪು ಗುಂಡಿ ಇದೆ. ಅವಳು ಅದಕ್ಕೆ ಗುಲಗಂಜಿ ಅಂತ ಹೆಸರಿಟ್ಟಿದ್ದಾಳೆ.

ಸ್ಕ್ರೀನ್ ಸಾಧಾರಣ. ಫುಲ್ ಎಚ್‌ಡಿ, 250 ನಿಟ್ಸ್ ಬೆಳಕು. ಒಳಗೆ ಸಾಕು, ಜಗಲಿಯಲ್ಲಿ ಹಗಲು ಕೂತರೆ ನಮ್ಮ ಮುಖವೇ ಕಾಣುತ್ತದೆ. ಇದೇ ಮಾಡೆಲಿನಲ್ಲಿ 1366x768ರ ಸ್ಕ್ರೀನ್ ಇರುವುದೂ ಬರುತ್ತದೆ, ಅದನ್ನು ಮುಟ್ಟಲೇಬೇಡಿ, ಪಕ್ಕದಿಂದ ನೋಡಿದರೆ ಬಣ್ಣವೇ ಬದಲಾಗುತ್ತದೆ.

ಮೊನ್ನೆ ಪಕ್ಕದ ತೋಟದವರೊಬ್ಬರು ಅದೇ ಅಂಗಡಿಗೆ ಹೊರಟಿದ್ದರು. ಬ್ಯಾಟರಿಯ ಆ ಕಮಾಂಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಹುಡುಗ ಚೀಟಿ ನೋಡಿದವನೇ, ಮೇಜಿನ ಮೇಲೆ ಇಟ್ಟಿದ್ದನ್ನು ಎತ್ತಿಕೊಂಡು ಒಳಗೆ ಹೋಗಿ, ಬೇರೆ ಒಂದನ್ನು ತಂದನಂತೆ.